ಸಾಕ್ಷ್ಯಚಿತ್ರಕ್ಕೆ ನೋಡುಗರು: ಯಾವ ಬಾಗಿಲು ಮೊದಲು, ಯಾವುದು ಆಮೇಲೆ

ಒಂದು ಚಿತ್ರವನ್ನು ಕಣ್ಣೆದುರು ಇಟ್ಟುಕೊಂಡೇ ಮಾತಾಡೋಣ. 70 ನಿಮಿಷದ ಸಾಕ್ಷ್ಯಚಿತ್ರ. ದೊಡ್ಡ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್‌ಗಳ ಬದುಕು ಅದರ ವಸ್ತು. ಹಿಂದೆ ಸ್ಟುಡಿಯೊ ಇಲ್ಲ, ಯಾವ ಚಾನೆಲ್‌ನ ಮುಂಗಡವೂ ಇಲ್ಲ. ಎಡಿಟಿಂಗ್ ಮುಗಿಯಿತು, ಅದರ ಜೊತೆಗೆ ದುಡ್ಡೂ ಮುಗಿಯಿತು. ಇದನ್ನು ಯಾರು ನೋಡಬೇಕು ಎಂದು ನಿರ್ದೇಶಕರನ್ನು ಕೇಳಿದರೆ ‘ಎಲ್ಲರೂ’ ಎನ್ನುತ್ತಾರೆ.

ಆಮೇಲೆ ನಡೆಯುವುದು ಹೆಚ್ಚುಕಮ್ಮಿ ಎಲ್ಲರಿಗೂ ಗೊತ್ತಿರುವ ಕಥೆ. ಮೂವತ್ತು ಚಿತ್ರೋತ್ಸವಗಳಿಗೆ ಶುಲ್ಕ ಕಟ್ಟಿ ಕಳಿಸುವುದು, ತಿಂಗಳುಗಟ್ಟಲೆ ಕಾಯುವುದು, ಎರಡು ಕಡೆ ಆಯ್ಕೆಯಾಗುವುದು, ಬೇಸತ್ತು ಯೂಟ್ಯೂಬ್‌ಗೆ ಹಾಕಿಬಿಡುವುದು. ಮೊದಲ ವಾರ ನೆಂಟರು, ಗೆಳೆಯರು ನೋಡುತ್ತಾರೆ. ಎರಡನೇ ವಾರದಿಂದ ಯಾರೂ ಇಲ್ಲ. ಇಂಥ ಎಷ್ಟೋ ಚಿತ್ರಗಳಲ್ಲಿ ಕುಂದು ಚಿತ್ರದಲ್ಲಿ ಇರುವುದಿಲ್ಲ, ಸರದಿಯಲ್ಲಿ ಇರುತ್ತದೆ. ವಿತರಣೆಯಲ್ಲಿ ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ. ಎಲ್ಲರಿಗೂ ಉಚಿತವಾಗಿ ಸಿಕ್ಕ ಚಿತ್ರವನ್ನು ದೊಡ್ಡ ಉತ್ಸವಗಳ ಸ್ಪರ್ಧಾ ವಿಭಾಗ ತೆಗೆದುಕೊಳ್ಳುವುದಿಲ್ಲ. ಎಲ್ಲ ಹಕ್ಕನ್ನೂ ಒಬ್ಬ ವಿತರಕರಿಗೆ ಬರೆದುಕೊಟ್ಟ ಮೇಲೆ ನರ್ಸಿಂಗ್ ಕಾಲೇಜಿನಲ್ಲಿ ತೋರಿಸಬೇಕಾದರೂ ಅವರ ಅಪ್ಪಣೆ ಬೇಕು. ಕೆಳಗಿನ ಹೆಜ್ಜೆಗಳನ್ನು ಆ ಸರದಿಯಲ್ಲೇ ಜೋಡಿಸಿದೆ.

ಹೆಜ್ಜೆ 1: ಚಿತ್ರೀಕರಣದ ಹೊತ್ತಿಗೇ ನೋಡುಗರ ಪಟ್ಟಿ

‘18ರಿಂದ 35 ವರ್ಷದ ನಗರವಾಸಿಗಳು’ ಎಂದು ಬರೆದರೆ ಅನುದಾನದ ಅರ್ಜಿ ತುಂಬುತ್ತದೆ, ಸಭಾಂಗಣ ತುಂಬುವುದಿಲ್ಲ. ಅಂಥ ಗುಂಪಿಗೆ ಕಾರ್ಯದರ್ಶಿ ಇರುವುದಿಲ್ಲ. ಫೋನ್ ಮಾಡಿ ‘ನಿಮ್ಮ ಮುಂದಿನ ಸಭೆಯಲ್ಲಿ ತೋರಿಸಬಹುದೇ’ ಎಂದು ಕೇಳಲು ಯಾರೂ ಸಿಗುವುದಿಲ್ಲ. ನಿಮಗೆ ಬೇಕಾದದ್ದು ಆಗಲೇ ಒಂದೆಡೆ ಸೇರುತ್ತಿರುವ ಜನ: ಸಂಘ, ಒಕ್ಕೂಟ, ವಿಭಾಗ, ಸುದ್ದಿಪತ್ರ ತರುವ ಸಂಸ್ಥೆ, ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುವ ವೃತ್ತಿ.

ನಮ್ಮ ಚಿತ್ರಕ್ಕೆ ಒಳಗಿನ ಸುತ್ತು ನರ್ಸ್‌ಗಳ ಸಂಘಟನೆಗಳು, ನರ್ಸಿಂಗ್ ಕಾಲೇಜುಗಳು, ಆಸ್ಪತ್ರೆಗಳ ಸಿಬ್ಬಂದಿ ಕಲ್ಯಾಣ ವಿಭಾಗಗಳು. ಎರಡನೇ ಸುತ್ತಿನಲ್ಲಿ ರಾತ್ರಿ ದುಡಿಯುವ ಇತರರು, ನಿದ್ರೆಯ ಬಗ್ಗೆ ಸಂಶೋಧನೆ ಮಾಡುವವರು, ಕಾರ್ಮಿಕ ಕಾನೂನು ಕಲಿಸುವವರು, ರೋಗಿಗಳ ಕುಟುಂಬದವರ ಗುಂಪುಗಳು. ಮೂರನೆಯದು ಸಾಕ್ಷ್ಯಚಿತ್ರವನ್ನು ಸಾಕ್ಷ್ಯಚಿತ್ರ ಎಂಬ ಕಾರಣಕ್ಕೇ ನೋಡುವವರು. ನಿರ್ದೇಶಕರ ಮನಸ್ಸೆಲ್ಲ ಈ ಮೂರನೇ ಸುತ್ತಿನ ಮೇಲೆ ನೆಟ್ಟಿರುತ್ತದೆ. ಚಿತ್ರವನ್ನು ಬಾಯಿಂದ ಬಾಯಿಗೆ ದಾಟಿಸುವವರು ಮಾತ್ರ ಮೊದಲ ಸುತ್ತಿನವರು.

ಒಂದು ಸ್ಪ್ರೆಡ್‌ಶೀಟ್ ತೆರೆದು 50 ಸಾಲು ತುಂಬಿಸಿ. ಕಾಲಂಗಳು ಆರು ಸಾಕು: ಗುಂಪಿನ ಹೆಸರು, ಅಲ್ಲಿ ನಿರ್ಧಾರ ಮಾಡುವವರು ಯಾರು, ಅವರು ಸೇರುವುದು ಯಾವಾಗ, ಸದಸ್ಯರಿಗೆ ಸುದ್ದಿ ಮುಟ್ಟುವುದು ಹೇಗೆ, ಈ ಚಿತ್ರದಿಂದ ಅವರಿಗೇನು ಪ್ರಯೋಜನ, ಕೊನೆಯ ಬಾರಿ ಮಾತಾಡಿದ ದಿನ. ಐದನೇ ಕಾಲಂ ತುಂಬುವುದು ಕಷ್ಟ. ಅದು ಖಾಲಿ ಉಳಿದ ಸಾಲನ್ನು ಅಳಿಸಿಬಿಡಿ, ಅವರು ಬರುವುದಿಲ್ಲ.

ಮೂರನೇ ಕಾಲಂನ ಬೆಲೆ ಗೊತ್ತಾಗುವುದು ಪ್ರದರ್ಶನ ಸೋತಾಗ. ಅನೇಕ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಶುರುವಾಗುವುದೇ ಸಂಜೆ 7ರ ಸುಮಾರಿಗೆ. ಚಿತ್ರಮಂದಿರದವರು ‘ಒಳ್ಳೆಯ ಸಮಯ’ ಎಂದು ಕೊಡುವುದು ಅದೇ 7 ಗಂಟೆ. ಆಗ ನಿಮ್ಮ ಮುಖ್ಯ ನೋಡುಗರಲ್ಲಿ ಅರ್ಧ ಜನ ಡ್ಯೂಟಿಗೆ ಹೊರಟಿರುತ್ತಾರೆ. ಮಧ್ಯಾಹ್ನ 3ಕ್ಕೆ ಇಟ್ಟರೆ ಬೆಳಿಗ್ಗೆ ಬಂದು ಮಲಗಿದವರು ಎದ್ದಿರುತ್ತಾರೆ, ರಾತ್ರಿ ಪಾಳಿಗೂ ಹೊತ್ತಿರುತ್ತದೆ. ಮೇ 12 ಅಂತರರಾಷ್ಟ್ರೀಯ ನರ್ಸ್‌ಗಳ ದಿನ, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಆ ವಾರ ಪ್ರತಿ ನರ್ಸಿಂಗ್ ಕಾಲೇಜೂ ಏನಾದರೊಂದು ಕಾರ್ಯಕ್ರಮಕ್ಕೆ ತಡಕಾಡುತ್ತಿರುತ್ತದೆ. ಆದರೆ ಅದನ್ನು ಗೊತ್ತುಮಾಡುವುದು ಎರಡು ಮೂರು ತಿಂಗಳು ಮೊದಲೇ. ಏಪ್ರಿಲ್ ಕೊನೆಗೆ ಬರೆದ ಇಮೇಲ್‌ಗೆ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ ಬರುತ್ತದೆ.

ಇದೇ ಹಂತದಲ್ಲಿ ದುಡ್ಡನ್ನೂ ಬದಿಗಿಡಿ. ಒಟ್ಟು ಬಜೆಟ್‌ನ ಐದನೇ ಒಂದು ಭಾಗವನ್ನು ವಿತರಣೆಗೆಂದು ಪ್ರತ್ಯೇಕ ತಲೆಬರಹದಡಿ ತೋರಿಸಿ, ಎಡಿಟಿಂಗ್ ಎಷ್ಟೇ ಎಳೆದಾಡಿದರೂ ಅದಕ್ಕೆ ಕೈ ಹಾಕಬೇಡಿ. ಹೇಳುವುದು ಸುಲಭ, ನಿಜ. ಆದರೂ ಕೊನೆಯ ಬಣ್ಣ ತಿದ್ದುವಿಕೆಗೆ ಇನ್ನೆರಡು ದಿನ ಬೇಕೆನಿಸಿದಾಗ ಆ ಎರಡು ದಿನ ಎಷ್ಟು ನೋಡುಗರ ಬೆಲೆ ಎಂದು ಒಮ್ಮೆ ಲೆಕ್ಕ ಹಾಕಿ.

ಹೆಜ್ಜೆ 2: ಹಕ್ಕುಗಳನ್ನು ಬಾಗಿಲಿಗೊಂದರಂತೆ ಪರೀಕ್ಷಿಸಿ

ವಾರ್ಡ್‌ನ ಮೂಲೆಯಲ್ಲಿ ರೇಡಿಯೊ ಹಾಡುತ್ತಿದೆ, ನರ್ಸ್ ಒಬ್ಬರು ಅದಕ್ಕೆ ಗುನುಗುತ್ತಿದ್ದಾರೆ. ಚಿತ್ರದ ಅತ್ಯುತ್ತಮ 40 ಸೆಕೆಂಡು ಅದೇ ಆಗಿರಬಹುದು. ಆ ಹಾಡಿಗೆ ಎರಡು ಬೇರೆ ಬೇರೆ ಪರವಾನಗಿ ಬೇಕು. ರಚನೆಯನ್ನು ದೃಶ್ಯಕ್ಕೆ ಜೋಡಿಸಲು ಸಿಂಕ್ ಪರವಾನಗಿ. ಅದು ಗೀತೆ ಮತ್ತು ರಾಗದ ಹಕ್ಕುದಾರರಿಂದ ಬರುತ್ತದೆ. ಆ ನಿರ್ದಿಷ್ಟ ಧ್ವನಿಮುದ್ರಣ ಬಳಸಲು ಮಾಸ್ಟರ್ ಪರವಾನಗಿ. ಅದು ಸಾಮಾನ್ಯವಾಗಿ ಆಡಿಯೊ ಕಂಪನಿಯಿಂದ. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಒಂದೂ ಸಿಗದ ಹಾಗೆಯೇ. ಹಾಡು ತಾನಾಗಿ ಹಿನ್ನೆಲೆಯಲ್ಲಿ ಬಂತು ಎಂಬ ವಾದ ಕೆಲವು ದೇಶಗಳಲ್ಲಿ ನಿಲ್ಲುತ್ತದೆ, ಕೆಲವು ಕಡೆ ನಿಲ್ಲುವುದಿಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆಗಂತೂ ವಾದ ಕೇಳುವ ಕಿವಿ ಇಲ್ಲ. ಅದು ಧ್ವನಿಯನ್ನು ಹೊಂದಿಸಿ ನೋಡುತ್ತದೆ, ಹೊಂದಿದರೆ ಜಾಹೀರಾತಿನ ಹಣ ಹಾಡಿನ ಹಕ್ಕುದಾರರಿಗೆ ಹೋಗುತ್ತದೆ ಇಲ್ಲವೇ ವೀಡಿಯೊಗೆ ತಡೆ ಬೀಳುತ್ತದೆ.

ಹೆಚ್ಚಿನವರು ಎಡವುವುದು ‘ಉತ್ಸವ ಪರವಾನಗಿ’ಯಲ್ಲಿ. ಕಡಿಮೆ ದರಕ್ಕೆ ಸಿಗುವ ಈ ಪರವಾನಗಿ ಒಂದೆರಡು ವರ್ಷಕ್ಕೆ, ಉತ್ಸವಗಳಿಗಷ್ಟೇ. ಚಿತ್ರ ಗೆದ್ದು ಆನ್‌ಲೈನ್ ವೇದಿಕೆಯೊಂದು ಕೊಳ್ಳಲು ಬಂದಾಗ ಎಲ್ಲ ಮಾಧ್ಯಮಗಳ ಹಕ್ಕಿಗಾಗಿ ಮತ್ತೆ ಹಕ್ಕುದಾರರ ಮುಂದೆ ನಿಲ್ಲಬೇಕು, ಆಗ ಬೆಲೆ ನಿಮ್ಮ ಕೈಯಲ್ಲಿರುವುದಿಲ್ಲ. ಪರವಾನಗಿ ಪಡೆಯುವಾಗಲೇ ಮುಂದಿನ ಬಾಗಿಲುಗಳಿಗೆ ಎಷ್ಟಾಗುತ್ತದೆ ಎಂಬ ದರವನ್ನೂ ಲಿಖಿತವಾಗಿ ಬರೆಸಿಕೊಳ್ಳಿ.

ಕ್ಯಾಮೆರಾದಲ್ಲಿ ಗುರುತು ಹಿಡಿಯುವಂತೆ ಕಾಣುವ ಪ್ರತಿಯೊಬ್ಬರ ಒಪ್ಪಿಗೆ ಪತ್ರ, ಸ್ಥಳದ ಅನುಮತಿ, ಹಳೆಯ ದೃಶ್ಯತುಣುಕುಗಳ ರಸೀದಿ, ಇವೆಲ್ಲ ಒಂದೇ ಫೋಲ್ಡರಿನಲ್ಲಿರಲಿ. ಟಿವಿ ಮತ್ತು ದೊಡ್ಡ ವೇದಿಕೆಗಳು ಕೇಳುವ ‘ಎರರ್ಸ್ ಅಂಡ್ ಒಮಿಷನ್ಸ್’ ವಿಮೆ (ಹಕ್ಕು, ಒಪ್ಪಿಗೆಗಳ ಬಗ್ಗೆ ಯಾರಾದರೂ ದಾವೆ ಹೂಡಿದರೆ ರಕ್ಷಣೆ ಕೊಡುವ ವಿಮೆ) ಈ ಕಾಗದಗಳ ಮೇಲೇ ನಿಲ್ಲುತ್ತದೆ. ರೋಗಿಗಳ ವಿಷಯದಲ್ಲಿ ಒಪ್ಪಿಗೆ ಒಮ್ಮೆ ಪಡೆದರೆ ಮುಗಿಯಿತು ಎನ್ನಬೇಡಿ. ಉತ್ಸವದ ಕತ್ತಲಲ್ಲಿ ಇನ್ನೂರು ಜನ ನೋಡುವುದಕ್ಕೂ ಫೋನಿನಲ್ಲಿ ಯಾರು ಬೇಕಾದರೂ ನೋಡಿ ಹಂಚುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಸಹಿ ಹಾಕುವವರಿಗೆ ಮೊದಲೇ ಬಿಡಿಸಿ ಹೇಳಬೇಕು.

ಹೆಜ್ಜೆ 3: ಕೊಡಬೇಕಾದ ಕಡತಗಳು

ಎಡಿಟ್ ಪ್ರಾಜೆಕ್ಟ್ ತೆರೆದಿರುವಾಗಲೇ ಇವನ್ನೆಲ್ಲ ಹೊರತೆಗೆದುಬಿಡಿ. ಆರು ತಿಂಗಳ ನಂತರ ಸಾಫ್ಟ್‌ವೇರ್ ಬದಲಾಗಿರುತ್ತದೆ, ಎಡಿಟರ್ ಬೇರೆ ಕೆಲಸದಲ್ಲಿರುತ್ತಾರೆ.

ಚಿತ್ರಮಂದಿರಕ್ಕೆ ಡಿಸಿಪಿ, ಅಂದರೆ ಅಲ್ಲಿನ ಡಿಜಿಟಲ್ ಪ್ರೊಜೆಕ್ಟರ್ ಓಡಿಸುವ ಕಡತಗಳ ಕಟ್ಟು. 2ಕೆಯಲ್ಲಿ ಫ್ಲಾಟ್ (ಸಾಮಾನ್ಯ ಅಗಲದ ಚೌಕಟ್ಟು) ಆದರೆ 1998×1080 ಪಿಕ್ಸೆಲ್, ಸ್ಕೋಪ್ (ಇನ್ನೂ ಅಗಲದ ಚೌಕಟ್ಟು) ಆದರೆ 2048×858. ವೇಗ ಸೆಕೆಂಡಿಗೆ 24 ಫ್ರೇಮ್. 25ರಲ್ಲಿ ಚಿತ್ರೀಕರಿಸಿದ್ದರೆ 24ಕ್ಕೆ ಇಳಿಸುವಾಗ ಚಿತ್ರ ಶೇ 4ರಷ್ಟು ಉದ್ದವಾಗುತ್ತದೆ, ಧ್ವನಿಯ ಶ್ರುತಿ ತಿದ್ದದಿದ್ದರೆ ಮಾತು ದಪ್ಪವಾಗಿ ಕೇಳುತ್ತದೆ. ಉಚಿತವಾಗಿ ಸಿಗುವ ಡಿಸಿಪಿ-ಒ-ಮ್ಯಾಟಿಕ್ ಸಾಫ್ಟ್‌ವೇರ್ ಈ ಕೆಲಸಕ್ಕೆ ಸಾಕು. 70 ನಿಮಿಷದ ಚಿತ್ರ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಸುಮಾರು 50 ಜಿಬಿ, ಗರಿಷ್ಠ ಮಿತಿಯಾದ 250ರಲ್ಲಿ 130 ಜಿಬಿ ದಾಟುತ್ತದೆ. ಪೆನ್‌ಡ್ರೈವ್ ಫ್ಯಾಟ್ 32 ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಚಿತ್ರಮಂದಿರದ ಸರ್ವರ್‌ಗಳು ನೆಚ್ಚುವುದು ಲಿನಕ್ಸ್‌ನ ಇಎಕ್ಸ್‌ಟಿ 2 ಅಥವಾ 3 ಮಾದರಿಯನ್ನು. ಡಿಸಿಪಿಗೆ ಬೀಗ ಹಾಕಬೇಡಿ. ಬೀಗದ ಕೀಲಿಯಾದ ಕೆಡಿಎಂ ನಿಗದಿತ ಗಂಟೆಗಳಲ್ಲಿ ಮಾತ್ರ ತೆರೆಯುತ್ತದೆ. ಟೈಮ್ ಝೋನ್ ಒಂದು ತಪ್ಪಿದರೆ ತುಂಬಿದ ಸಭಾಂಗಣದ ಮುಂದೆ ಕಪ್ಪು ಪರದೆ. ಸ್ವತಂತ್ರ ಸಾಕ್ಷ್ಯಚಿತ್ರಕ್ಕೆ ಕಳ್ಳರಿಗಿಂತ ಈ ಕೀಲಿಯೇ ದೊಡ್ಡ ಅಪಾಯ.

ಟಿವಿಗೆ ಉದ್ದವೇ ಬೇರೆ. ಯುರೋಪಿನ ಅನೇಕ ಚಾನೆಲ್‌ಗಳಲ್ಲಿ ಒಂದು ಗಂಟೆಯ ಜಾಗ ಎಂದರೆ 52 ನಿಮಿಷ. ನಮ್ಮ 70 ನಿಮಿಷ ಅಲ್ಲೂ ಕೂರದು, ಪೂರ್ಣಾವಧಿಯ ಜಾಗಕ್ಕೂ ಗಿಡ್ಡ. 52ರ ಆವೃತ್ತಿಯನ್ನು ಅದೇ ಎಡಿಟರ್ ಕೈಯಲ್ಲಿ ಈಗಲೇ ಮಾಡಿಸಿ. ಕಿರುಚಿತ್ರ ಮಾಡುತ್ತಿದ್ದರೆ ನೆನಪಿರಬೇಕಾದ ಅಂಕಿ 40: ಆಸ್ಕರ್‌ನ ಕಿರು ಸಾಕ್ಷ್ಯಚಿತ್ರ ವಿಭಾಗಕ್ಕೆ ಟೈಟಲ್‌ಗಳೂ ಸೇರಿ 40 ನಿಮಿಷ ದಾಟುವಂತಿಲ್ಲ. ಧ್ವನಿಯ ಮಟ್ಟ ಯುರೋಪಿನ ಪ್ರಸಾರಕ್ಕೆ ಮೈನಸ್ 23 ಲಫ್ಸ್ (ಕಿವಿಗೆ ಧ್ವನಿ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ), ಅಮೆರಿಕದ ಪ್ರಸಾರಕ್ಕೆ ಮೈನಸ್ 24.

ಪರದೆಯ ಮೇಲೆ ಯಾವ ಬರಹವೂ ಇಲ್ಲದ ಟೆಕ್ಸ್ಟ್‌ಲೆಸ್ ಪ್ರತಿ, ಮಾತು, ಸಂಗೀತ, ಪರಿಸರ ಧ್ವನಿ ಬೇರೆ ಬೇರೆಯಾಗಿರುವ ಟ್ರ್ಯಾಕ್‌ಗಳು: ಇವಿಲ್ಲದೆ ಬೇರೆ ಭಾಷೆಗೆ ಡಬ್ ಆಗುವುದಿಲ್ಲ. ಸಬ್‌ಟೈಟಲ್‌ಗಳನ್ನು ಚಿತ್ರದೊಳಗೆ ಅಚ್ಚೊತ್ತದೆ ಎಸ್‌ಆರ್‌ಟಿ ಎಂಬ ಪ್ರತ್ಯೇಕ ಪಠ್ಯ ಕಡತವಾಗಿ ಇಟ್ಟುಕೊಳ್ಳಿ. ಎರಡು ಸಾಲು ದಾಟಬಾರದು. ಇಂಗ್ಲಿಷ್ ಸಬ್‌ಟೈಟಲ್ ಆದರೆ ಸಾಲಿಗೆ 42 ಅಕ್ಷರದೊಳಗೆ, ಓದುವ ವೇಗ ಸೆಕೆಂಡಿಗೆ 15ರಿಂದ 17 ಅಕ್ಷರ, ಒಂದು ಸಬ್‌ಟೈಟಲ್ ಹೆಚ್ಚೆಂದರೆ 7 ಸೆಕೆಂಡು. ಆಡಿದ ಮಾತನ್ನೆಲ್ಲ ತುರುಕಿದರೆ ನೋಡುಗರು ಮುಖ ನೋಡುವುದನ್ನು ಬಿಟ್ಟು ಕೆಳಗಿನ ಸಾಲು ಓದುತ್ತ ಕೂರುತ್ತಾರೆ. ಕಿವಿ ಕೇಳದವರಿಗಾಗಿ ಶಬ್ದಗಳ ವಿವರಣೆಯೂ ಇರುವ ಇನ್ನೊಂದು ಕಡತ ಮಾಡಿಸಿ. ಕಾಲೇಜುಗಳು ಅದನ್ನು ಕೇಳಿಯೇ ಕೇಳುತ್ತವೆ.

ಹೆಜ್ಜೆ 4: ಹೆಸರು, ಒಂದು ಸಾಲು, ಒಂದು ಚಿತ್ರ, 90 ಸೆಕೆಂಡು

‘ಬೆಳಕು’, ‘ಪಯಣ’ ಎಂಬಂಥ ಹೆಸರಿಟ್ಟರೆ ಹುಡುಕಾಟದಲ್ಲಿ ನಿಮ್ಮ ಚಿತ್ರ ಎಂದೂ ಮೇಲೆ ಬರುವುದಿಲ್ಲ. ಚಲನಚಿತ್ರಗಳ ಮಾಹಿತಿ ಜಾಲತಾಣವಾದ ಐಎಂಡಿಬಿಯಲ್ಲಿ ಮತ್ತು ಸಾಮಾನ್ಯ ಹುಡುಕಾಟದಲ್ಲಿ ನೋಡಿ, ಅದೇ ಹೆಸರಿನ ನಾಲ್ಕು ಚಿತ್ರ ಸಿಕ್ಕರೆ ಬದಲಿಸಿ. ಚಿತ್ರವನ್ನು ಒಂದೇ ಸಾಲಿನಲ್ಲಿ ಹೇಳುವ ಲಾಗ್‌ಲೈನ್‌ನಲ್ಲಿ ವಿಷಯವಲ್ಲ, ವ್ಯಕ್ತಿ ಮತ್ತು ಇಕ್ಕಟ್ಟು ಇರಬೇಕು. ‘ಆರೋಗ್ಯ ವ್ಯವಸ್ಥೆಯ ಬಿಕ್ಕಟ್ಟಿನ ಒಳನೋಟ’ ಎಂಬುದನ್ನು ಓದಿ ಯಾರೂ ಟಿಕೆಟ್ ಕೊಳ್ಳುವುದಿಲ್ಲ. ‘ಒಬ್ಬ ನರ್ಸ್, 32 ಹಾಸಿಗೆ, ಬೆಳಗಾಗಲು 11 ಗಂಟೆ’ ಎಂದಾಗ ಇನ್ನೊಂದು ಪ್ರಶ್ನೆ ಕೇಳುತ್ತಾರೆ.

ಸ್ಥಿರಚಿತ್ರಗಳನ್ನು ವೀಡಿಯೊದಿಂದ ಕಿತ್ತು ಕೊಟ್ಟರೆ ಮುದ್ರಣದಲ್ಲಿ ಮಸುಕಾಗುತ್ತವೆ. ಚಿತ್ರೀಕರಣದ ವೇಳೆ ಒಂದೆರಡು ದಿನವಾದರೂ ಫೋಟೊಗ್ರಾಫರ್ ಇರಲಿ. ಉತ್ಸವದ ಕೈಪಿಡಿಯಿಂದ ಪತ್ರಿಕೆಯವರೆಗೆ ಎಲ್ಲೆಡೆ ಅದೇ ಒಂದು ಫೋಟೊ ಸುತ್ತುತ್ತದೆ. ಅದರಲ್ಲಿ ಒಂದು ಮುಖ ಇರಬೇಕು, ಹೆಬ್ಬೆರಳಿನಷ್ಟು ಚಿಕ್ಕದಾದಾಗಲೂ ಗುರುತು ಸಿಗಬೇಕು.

ಟ್ರೇಲರ್ 60ರಿಂದ 90 ಸೆಕೆಂಡು. ಫೋನಿನಲ್ಲಿ ಅದು ಶಬ್ದವಿಲ್ಲದೆ ಶುರುವಾಗುತ್ತದೆ, ಆದ್ದರಿಂದ ಇಲ್ಲಿ ಮಾತ್ರ ಸಬ್‌ಟೈಟಲ್ ಅಚ್ಚೊತ್ತಿ. ಲೋಗೊಗಳ ಸಾಲನ್ನು ಮೊದಲಿಗೆ ಹಾಕಿದರೆ ಆ ಐದು ಸೆಕೆಂಡಿನಲ್ಲೇ ಬೆರಳು ಮೇಲಕ್ಕೆ ಸರಿಸಿರುತ್ತದೆ. ಅಡ್ಡ ಆವೃತ್ತಿಯ ಜೊತೆಗೆ 9:16ರ ಲಂಬ ಆವೃತ್ತಿಯೊಂದು ಬೇಕು.

ಹೆಜ್ಜೆ 5: ಚಿತ್ರೋತ್ಸವ

ಮೊದಲ ಪ್ರದರ್ಶನ ಒಮ್ಮೆ ಮಾತ್ರ ಖರ್ಚು ಮಾಡಬಹುದಾದ ನಾಣ್ಯ. ವಿಶ್ವ ಪ್ರೀಮಿಯರ್, ತಯಾರಾದ ದೇಶದ ಹೊರಗೆ ಮೊದಲ ಬಾರಿ ತೋರಿಸುವ ಅಂತರರಾಷ್ಟ್ರೀಯ ಪ್ರೀಮಿಯರ್, ಖಂಡದ ಪ್ರೀಮಿಯರ್, ದೇಶದ ಪ್ರೀಮಿಯರ್, ಹೀಗೆ ಮೆಟ್ಟಿಲು ಇಳಿಯುತ್ತದೆ. ಪಕ್ಕದೂರಿನ ಸಣ್ಣ ಉತ್ಸವಕ್ಕೆ ಪ್ರೀತಿಯಿಂದ ‘ಹೂಂ’ ಅಂದರೆ ಮೇಲಿನ ಮೆಟ್ಟಿಲು ಹೋಯಿತು. ಗೆಳೆಯರಿಗೆ ತೋರಿಸುವ ಖಾಸಗಿ ಪ್ರದರ್ಶನ ಲೆಕ್ಕಕ್ಕೆ ಬರುವುದಿಲ್ಲ. ಟಿಕೆಟ್ ಮಾರಿ, ಪತ್ರಿಕೆಯಲ್ಲಿ ಪ್ರಕಟಿಸಿ ತೋರಿಸಿದ್ದು ಬರುತ್ತದೆ.

ಸಾಕ್ಷ್ಯಚಿತ್ರದ ವರ್ಷವನ್ನು ಹಿಡಿದು ನಿಲ್ಲಿಸಿರುವ ಉತ್ಸವಗಳು ಕೆಲವೇ. ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್, ಮಾರ್ಚ್‌ನಲ್ಲಿ ಕೋಪನ್‌ಹೇಗನ್‌ನ ಸಿಪಿಎಚ್:ಡಾಕ್ಸ್, ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ನಿಯೋನ್ ಪಟ್ಟಣದ ವಿಸಿಯಾನ್ ದು ರಿಯೆಲ್, ಏಪ್ರಿಲ್ ಕೊನೆಗೆ ಟೊರಾಂಟೊದ ಹಾಟ್ ಡಾಕ್ಸ್, ಜೂನ್‌ನಲ್ಲಿ ಬ್ರಿಟನ್ನಿನ ಶೆಫೀಲ್ಡ್ ಡಾಕ್‌ಫೆಸ್ಟ್, ಅಕ್ಟೋಬರ್‌ನಲ್ಲಿ 1955ರಿಂದ ನಡೆಯುತ್ತಿರುವ ಡಾಕ್ ಲೈಪ್‌ಜಿಗ್, ನವೆಂಬರ್‌ನಲ್ಲಿ 1988ರಲ್ಲಿ ಶುರುವಾದ ಆಮ್‌ಸ್ಟರ್‌ಡ್ಯಾಮ್‌ನ ಇಡ್ಫಾ. ಜಪಾನಿನ ಯಾಮಾಗಾಟಾ 1989ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅರ್ಜಿಯ ಗಡುವು ಉತ್ಸವಕ್ಕಿಂತ ನಾಲ್ಕೈದು ತಿಂಗಳು ಮೊದಲೇ ಮುಗಿಯುತ್ತದೆ. ಎಡಿಟಿಂಗ್ ಮುಗಿಯುವ ತಿಂಗಳನ್ನು ನೋಡಿ ಇವುಗಳಲ್ಲಿ ಎರಡು ಮೂರನ್ನು ಮಾತ್ರ ಮೊದಲ ಗುರಿಯಾಗಿಡಿ. ಅವು ‘ಇಲ್ಲ’ ಎಂದ ಮೇಲೆ ಎರಡನೇ ಸಾಲು, ಎಂಟು ಹತ್ತು ಉತ್ಸವ. ಗಡಿಬಿಡಿಯಲ್ಲಿ ಅರೆಬೆಂದ ಪ್ರತಿ ಕಳಿಸಿದರೆ ಅದೇ ಚಿತ್ರವನ್ನು ಮುಂದಿನ ವರ್ಷ ಹೊಸ ಕಣ್ಣಿನಿಂದ ನೋಡುವವರು ಕಡಿಮೆ.

ವಸ್ತುವಿಗೆ ಹತ್ತಿರದ ಉತ್ಸವಗಳನ್ನು ಬಿಡಬೇಡಿ. ಕಾರ್ಮಿಕರ ಚಿತ್ರೋತ್ಸವ, ಆರೋಗ್ಯ ವಿಷಯದ ಚಿತ್ರೋತ್ಸವ ಇಂಥವಕ್ಕೆ ಪತ್ರಕರ್ತರು ಬರುವುದಿಲ್ಲ. ನಿಮ್ಮ ಮೊದಲ ಸುತ್ತಿನ ಜನ ಬರುತ್ತಾರೆ.

ತಿಂಗಳು ತಿಂಗಳೂ ‘ಅಂತರರಾಷ್ಟ್ರೀಯ ಪ್ರಶಸ್ತಿ’ ಕೊಡುವ ಉತ್ಸವಗಳನ್ನು ಗುರುತಿಸುವುದು ಸುಲಭ: ಸಭಾಂಗಣದ ವಿಳಾಸ ಇರುವುದಿಲ್ಲ, ಹಿಂದಿನ ಪ್ರದರ್ಶನಗಳ ಫೋಟೊ ಇರುವುದಿಲ್ಲ, ವಿಭಾಗಗಳು ನೂರಾರು, ಗೆದ್ದವರಿಗೆ ಟ್ರೋಫಿ ಬೇಕಿದ್ದರೆ ಮತ್ತೆ ಹಣ ಕಟ್ಟಬೇಕು. ಆಯ್ಕೆ, ಪ್ರಶಸ್ತಿಗಳ ಗುರುತಾಗಿ ಅವರು ಕೊಡುವ ಎಲೆಗಳ ಚಿಹ್ನೆ ಪೋಸ್ಟರಿನ ಮೇಲೆ ಹತ್ತು ಇದ್ದರೆ ಆಯ್ಕೆಗಾರರಿಗೆ ಅದು ಗೌರವವಾಗಿ ಕಾಣುವುದಿಲ್ಲ, ಅನುಮಾನ ಹುಟ್ಟಿಸುತ್ತದೆ.

ಉತ್ಸವಗಳಿಗೆ ಅರ್ಜಿ ಹಾಕುವ ಜಾಲತಾಣವಾದ ಫಿಲ್ಮ್‌ಫ್ರೀವೇ ಮೂಲಕ ಕಳಿಸುವಾಗ ಲಿಂಕ್‌ನ ಪಾಸ್‌ವರ್ಡನ್ನು ಮಧ್ಯದಲ್ಲಿ ಬದಲಿಸಬೇಡಿ. ತಿದ್ದಿದ ಪ್ರತಿಯನ್ನು ಅದೇ ಲಿಂಕ್‌ನಡಿ ಬದಲಿಸಿಡಬಹುದು. ಲಿಂಕ್ ತೆರೆಯದಿದ್ದರೆ ಆಯ್ಕೆಗಾರರು ನಿಮಗೆ ಬರೆದು ಕೇಳುತ್ತ ಕೂರುವುದಿಲ್ಲ, ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಶುಲ್ಕ ಭಾರವಾದರೆ ವಿನಾಯಿತಿ ಕೇಳಿ ಆಯ್ಕೆಗಾರರಿಗೆ ನಾಲ್ಕೇ ಸಾಲು ಬರೆಯಿರಿ, ಗಡುವಿನ ಹಿಂದಿನ ದಿನವಲ್ಲ, ಅರ್ಜಿ ತೆರೆದ ವಾರದಲ್ಲಿ. ಮತ್ತು ಆಯ್ಕೆಯಾದ ಊರಿನಲ್ಲಿ ನಿಮ್ಮ 50 ಸಾಲಿನ ಪಟ್ಟಿಯ ಯಾರಿದ್ದಾರೆ ನೋಡಿ. ಚಿತ್ರೋತ್ಸವ ಕುರ್ಚಿ ಕೊಡುತ್ತದೆ, ಕುರ್ಚಿಯಲ್ಲಿ ಕೂರುವವರನ್ನು ಕರೆಯುವ ಕೆಲಸ ಬಹುಪಾಲು ನಿಮ್ಮದೇ.

ಹೆಜ್ಜೆ 6: ಸಭಾಂಗಣದಿಂದ ಸಭಾಂಗಣಕ್ಕೆ

ಉತ್ಸವದ ಸುತ್ತು ಅರ್ಧ ದಾಟಿದಾಗ ಸಮುದಾಯ ಪ್ರದರ್ಶನ ಶುರು ಮಾಡಿ. ಇಲ್ಲಿ ಪ್ರದರ್ಶನ ನಡೆಸುವವರು ನೀವಲ್ಲ, ಸಂಘದವರು. ನೀವು ಕೊಡುವುದು ಪರವಾನಗಿ ಮತ್ತು ಒಂದು ಕಿಟ್. ಕಿಟ್‌ನಲ್ಲಿ ಚಿತ್ರದ ಎಂಪಿ 4 ಕಡತ, ಊರು ಮತ್ತು ದಿನಾಂಕಕ್ಕೆ ಜಾಗ ಬಿಟ್ಟ ಪೋಸ್ಟರ್, ಅವರು ಹಾಗೆಯೇ ಕಳಿಸಬಹುದಾದ ಆಹ್ವಾನದ ಒಕ್ಕಣೆ, ಚರ್ಚೆಗೆ ಆರು ಪ್ರಶ್ನೆ, ತಾಂತ್ರಿಕ ಸೂಚನೆಯ ಒಂದು ಹಾಳೆ. ಶುಲ್ಕವನ್ನು ಸಭಾಂಗಣದ ಗಾತ್ರಕ್ಕೆ ತಕ್ಕಂತೆ ಮೂರು ಹಂತ ಮಾಡಿ: 50 ಜನದವರೆಗೆ, 200ರವರೆಗೆ, ಅದಕ್ಕೂ ಮೇಲೆ. ಪೂರ್ತಿ ಉಚಿತ ಎಂದರೆ ಸಂಘಟಕರೂ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಉಚಿತ ನೋಂದಣಿಯಾದರೆ ಹೆಸರು ಕೊಟ್ಟವರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಜನ ಬರುವುದಿಲ್ಲ ಎಂದೇ ಇಟ್ಟುಕೊಂಡು 60 ಕುರ್ಚಿಗೆ 100 ಹೆಸರು ತೆಗೆದುಕೊಳ್ಳಿ.

ತಾಂತ್ರಿಕ ಹಾಳೆಯಲ್ಲಿ ಬರೆಯಬೇಕಾದದ್ದು ತೀರಾ ಸಣ್ಣ ಸಂಗತಿಗಳು, ಸಂಜೆ ಹಾಳಾಗುವುದೂ ಇವುಗಳಿಂದಲೇ. ಆನ್‌ಲೈನ್ ಲಿಂಕ್‌ನಿಂದ ಓಡಿಸಬೇಡಿ, ಕಡತವನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಸ್ಲೀಪ್ ಮತ್ತು ನೋಟಿಫಿಕೇಶನ್ ಆಫ್ ಮಾಡಿ. ಎಚ್‌ಡಿಎಂಐ ಚುಚ್ಚಿದ ಮೇಲೆ ಧ್ವನಿ ಪ್ರೊಜೆಕ್ಟರ್‌ನ ಪುಟ್ಟ ಸ್ಪೀಕರ್‌ಗೆ ಹೋಗುತ್ತಿದೆಯೇ, ಸಭಾಂಗಣದ ಸ್ಪೀಕರ್‌ಗೇ ಎಂದು ನೋಡಿ. ಕೊನೆಯ ಸಾಲಿನಲ್ಲಿ ಕೂತು ಹತ್ತು ನಿಮಿಷ ಕೇಳಿ, ಸಬ್‌ಟೈಟಲ್‌ನ ಕೆಳಗಿನ ಸಾಲು ಮುಂದಿನವರ ತಲೆಗೆ ಮುಚ್ಚಿಹೋಗುತ್ತದೆಯೇ ನೋಡಿ. ಹಗಲಿನ ಪ್ರದರ್ಶನವಾದರೆ ಕಿಟಕಿ ಮುಚ್ಚಲು ಕಪ್ಪು ಬಟ್ಟೆ ಬೇಕು. ನಮ್ಮ ಮಧ್ಯಾಹ್ನ 3 ಗಂಟೆಯ ಪ್ರದರ್ಶನದಲ್ಲಿ ಇದನ್ನು ಮರೆತರೆ, ರಾತ್ರಿಯಲ್ಲೇ ನಡೆಯುವ ಚಿತ್ರ ಬೂದು ಪರದೆಯಾಗಿ ಉಳಿಯುತ್ತದೆ.

ಚಿತ್ರ ಮುಗಿದು ಟೈಟಲ್ ಓಡುವ ಆ ಮೂರು ನಿಮಿಷ ಇಡೀ ಸಂಜೆಯಲ್ಲಿ ಅತ್ಯಂತ ಬೆಲೆಯದು. ಸಂವಾದ ಮುಗಿದ ಮೇಲೆ ಹೆಸರು, ಇಮೇಲ್ ಕೇಳಿದರೆ ಅಷ್ಟೊತ್ತಿಗೆ ಅರ್ಧ ಸಭಾಂಗಣ ಹೊರಗಿರುತ್ತದೆ. ಪೆನ್ನು ಸಿಕ್ಕಿಸಿದ ಹಾಳೆಗಳನ್ನು ಪ್ರತಿ ಸಾಲಿನ ಎರಡೂ ತುದಿಯಲ್ಲಿ ಮೊದಲೇ ಇಟ್ಟಿರಿ, ಟೈಟಲ್ ಶುರುವಾದ ಕೂಡಲೇ ಸಾಗಲಿ. ಕ್ಯೂಆರ್ ಕೋಡ್ ಸಾಕಲ್ಲವೇ ಎನ್ನಬಹುದು. ಕಣ್ಣೊರೆಸಿಕೊಳ್ಳುತ್ತಿರುವವರು ಫೋನ್ ತೆಗೆದು ಸ್ಕ್ಯಾನ್ ಮಾಡುವುದಿಲ್ಲ, ಪಕ್ಕದವರು ದಾಟಿಸಿದ ಹಾಳೆಯಲ್ಲಿ ಬರೆಯುತ್ತಾರೆ. ಹಾಳೆಯಲ್ಲಿ ಮೂರನೇ ಕಾಲಂ ಒಂದಿರಲಿ: ‘ಇದನ್ನು ನಿಮ್ಮಲ್ಲಿ ತೋರಿಸಬೇಕೆ? ಎಲ್ಲಿ?’ ಮುಂದಿನ ಪ್ರದರ್ಶನಗಳು ಹುಟ್ಟುವುದು ಆ ಕಾಲಂನಿಂದ. ಈ ಇಮೇಲ್ ಪಟ್ಟಿ ನಿಮ್ಮದು. ಸಾಮಾಜಿಕ ಜಾಲತಾಣದ ಹಿಂಬಾಲಕರು ಆ ಕಂಪನಿಯವರು.

ಸಂವಾದ 25 ನಿಮಿಷ ಸಾಕು. ನಡೆಸಿಕೊಡಲು ಸ್ಥಳೀಯ ನರ್ಸ್ ಒಬ್ಬರಿದ್ದರೆ ಪ್ರಶ್ನೆಗಳು ಕೆಲಸದ ಬಗ್ಗೆ ಬರುತ್ತವೆ. ನಿರ್ದೇಶಕರೇ ನಿಂತರೆ ‘ಯಾವ ಕ್ಯಾಮೆರಾ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಹೆಜ್ಜೆ 7: ಕಾಲೇಜು ಮತ್ತು ಗ್ರಂಥಾಲಯ

ಸದ್ದಿಲ್ಲದೆ ಹಣ ಬರುವ ಬಾಗಿಲು ಇದು, ಮತ್ತು ಅನೇಕರು ತೆರೆಯದೆಯೇ ಬಿಡುವ ಬಾಗಿಲು. ಸಂಸ್ಥೆಯೊಂದು ಕೊಳ್ಳುವುದು ಮನೆಯಲ್ಲಿ ನೋಡುವ ಪ್ರತಿಯನ್ನಲ್ಲ, ಸಾರ್ವಜನಿಕವಾಗಿ ತೋರಿಸುವ ಹಕ್ಕನ್ನು. ಬೆಲೆಯೂ ಅದಕ್ಕೆ ತಕ್ಕಂತೆ ಹಲವು ಪಟ್ಟು. ಒಂದು ವರ್ಷ, ಮೂರು ವರ್ಷ, ಶಾಶ್ವತ ಎಂದು ಮೂರು ಬಗೆಯ ಪರವಾನಗಿ ಇಡಿ. ಗ್ರಂಥಾಲಯದ ಸದಸ್ಯರಿಗೆ ಉಚಿತವಾಗಿ ತೋರಿಸಿ, ನೋಡಿದ್ದಕ್ಕೆ ಗ್ರಂಥಾಲಯದಿಂದ ಹಣ ಪಡೆಯುವ ಕ್ಯಾನೊಪಿಯಂಥ ವೇದಿಕೆಗಳೂ ಇವೆ. ತರಗತಿ 50 ನಿಮಿಷದ್ದಾದರೆ 70 ನಿಮಿಷದ ಚಿತ್ರ ಅದರಲ್ಲಿ ಹಿಡಿಯುವುದಿಲ್ಲ. 25ರಿಂದ 30 ನಿಮಿಷದ ತರಗತಿ ಆವೃತ್ತಿ, ಹತ್ತು ಪುಟದ ಅಧ್ಯಯನ ಕೈಪಿಡಿ ಇದ್ದರೆ ಅಧ್ಯಾಪಕರ ಕೆಲಸ ಹಗುರವಾಗುತ್ತದೆ, ಅವರೇ ಗ್ರಂಥಾಲಯಕ್ಕೆ ಶಿಫಾರಸು ಮಾಡುತ್ತಾರೆ.

ಈ ಬಾಗಿಲು ಅಗ್ಗದ ಆನ್‌ಲೈನ್ ಬಿಡುಗಡೆಗಿಂತ ಮೊದಲು ತೆರೆಯಬೇಕು. ಯೂಟ್ಯೂಬ್‌ನಲ್ಲಿ ಸಿಗುವ ಚಿತ್ರಕ್ಕೆ ಯಾವ ಗ್ರಂಥಾಲಯವೂ ಹಣ ಮಂಜೂರು ಮಾಡುವುದಿಲ್ಲ. ವಿತರಕರು ಸಿಗದಿದ್ದರೆ ಚಿತ್ರಕಾರರೇ ಕೂಡಿಕೊಳ್ಳುವ ದಾರಿಯೂ ಹಳೆಯದೇ. ಮಹಿಳಾ ಚಳವಳಿಯ ಚಿತ್ರಗಳನ್ನು ಯಾರೂ ಹಂಚಲು ಮುಂದಾಗದಿದ್ದಾಗ ಅಮೆರಿಕದಲ್ಲಿ 1971ರಲ್ಲಿ ಹುಟ್ಟಿದ ನ್ಯೂ ಡೇ ಫಿಲ್ಮ್ಸ್ ಸದಸ್ಯರೇ ಒಡೆಯರಾಗಿರುವ ಸಹಕಾರಿ. ಕೆಲಸವನ್ನು ಸದಸ್ಯರೇ ಹಂಚಿಕೊಂಡು ಮಾಡುತ್ತಾರೆ.

ಹೆಜ್ಜೆ 8: ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ವಿತರಕರು ಕಮಿಷನ್ ಶೇ 30 ಎಂದಾಗ ಉಳಿದ 70 ನಿಮಗೆ ಬರುತ್ತದೆ ಎಂದುಕೊಳ್ಳಬೇಡಿ. ಬಾಡಿಗೆ ವೀಕ್ಷಣೆಯಿಂದ 1,000 ಬಂತು ಎಂದುಕೊಳ್ಳಿ. ವೇದಿಕೆ ಶೇ 30 ಹಿಡಿದರೆ ಉಳಿದದ್ದು 700. ಅದರಲ್ಲಿ ವಿತರಕರ ಶೇ 30, ಅಂದರೆ 210, ಕಳೆದರೆ 490. ಈಗ ‘ವೆಚ್ಚ’ ಬರುತ್ತದೆ: ಹೊಸ ಪೋಸ್ಟರ್, ಮಾರುಕಟ್ಟೆ ಮೇಳದ ಮಳಿಗೆಯಲ್ಲಿ ನಿಮ್ಮ ಪಾಲು, ಪ್ರಯಾಣ. ಮಿತಿ ಬರೆಯದಿದ್ದರೆ ಅದು 600 ಎಂದು ಬಂದರೂ ಕೇಳುವಂತಿಲ್ಲ. ನಿಮ್ಮ ಖಾತೆಯಲ್ಲಿ ಮೈನಸ್ 110, ಅದು ಮುಂದಿನ ತ್ರೈಮಾಸಿಕಕ್ಕೂ ಉರುಳುತ್ತದೆ. ವೆಚ್ಚಕ್ಕೆ 300ರ ಮಿತಿ ಇದ್ದಿದ್ದರೆ ಕೈಗೆ 190. ಅದೇ 300ನ್ನು ಕಮಿಷನ್‌ಗಿಂತ ಮೊದಲೇ ಕಳೆಯಬೇಕೆಂದು ಬರೆಸಿದರೆ ಉಳಿದ 400ರ ಮೇಲೆ ಕಮಿಷನ್ 120, ನಿಮಗೆ 280. ಒಂದೇ ವಾಕ್ಯದ ಜಾಗ ಬದಲಾದದ್ದಕ್ಕೆ 90ರ ವ್ಯತ್ಯಾಸ.

ಅವಧಿ ಹತ್ತು ವರ್ಷ ಎಂದಿದ್ದರೆ ಮೂರರಿಂದ ಐದಕ್ಕೆ ಇಳಿಸಲು ಕೇಳಿ. ‘ಎಲ್ಲ ಹಕ್ಕು, ಇಡೀ ಜಗತ್ತು’ ಎಂಬಲ್ಲಿ ಸಮುದಾಯ ಪ್ರದರ್ಶನ, ಶೈಕ್ಷಣಿಕ ಹಕ್ಕು ಮತ್ತು ನಿಮ್ಮ ಸ್ವಂತ ಜಾಲತಾಣದ ಮಾರಾಟವನ್ನು ಹೊರಗಿಡಿಸಿ. ವಿತರಕರು ದಿವಾಳಿಯಾದರೆ, ಇಲ್ಲವೇ ಎರಡು ಸಲ ಲೆಕ್ಕ ಕೊಡದಿದ್ದರೆ, ಹಕ್ಕು ತಾನಾಗಿ ನಿಮಗೆ ಮರಳಬೇಕೆಂಬ ಷರತ್ತು ಬೇಕೇ ಬೇಕು. 2019ರಲ್ಲಿ ವೇದಿಕೆಗಳಿಗೆ ಚಿತ್ರ ತಲುಪಿಸುತ್ತಿದ್ದ ಅಗ್ರಿಗೇಟರ್ ಕಂಪನಿಯೊಂದು ಮುಳುಗಿದಾಗ ಸ್ವತಂತ್ರ ಚಿತ್ರಕಾರರ ಬಾಕಿಯೂ ಅದರೊಡನೆ ಮುಳುಗಿತು. ಷರತ್ತು ಇದ್ದರೂ ಹಣ ಬರುತ್ತದೆ ಎನ್ನಲಾಗದು, ಚಿತ್ರವಾದರೂ ಕೈಗೆ ಬರುತ್ತದೆ.

ಹೆಜ್ಜೆ 9: ಕೊನೆಗೆ ಅಂತರ್ಜಾಲ

ಮೊದಲು ಬಾಡಿಗೆ ಮತ್ತು ಖರೀದಿ, ಆಮೇಲೆ ಚಂದಾ ವೇದಿಕೆ, ಕೊನೆಗೆ ಜಾಹೀರಾತಿನ ಮೇಲೆ ನಡೆಯುವ ಉಚಿತ ವೇದಿಕೆ ಎಂಬುದು ವಾಡಿಕೆಯ ಸರದಿ. ಬಿಡುಗಡೆಯ ದಿನ ಇಮೇಲ್ ಪಟ್ಟಿಗೆ ಒಂದೇ ಕೋರಿಕೆ ಕಳಿಸಿ: ಈ ವಾರವೇ ನೋಡಿ, ಎರಡು ಸಾಲು ವಿಮರ್ಶೆ ಬರೆಯಿರಿ. ತಿಂಗಳಿಡೀ ಚದುರಿ ಬಂದ 500 ವೀಕ್ಷಣೆಗಿಂತ ಮೂರು ದಿನದಲ್ಲಿ ಒಟ್ಟಿಗೆ ಬಂದ 500 ವೇದಿಕೆಯ ಲೆಕ್ಕಾಚಾರದಲ್ಲಿ ಹೆಚ್ಚು ತೂಗುತ್ತದೆ.

ಯೂಟ್ಯೂಬ್‌ಗೆ ಹಾಕುವ ದಿನ ಬಂದಾಗ ಪೋಸ್ಟರನ್ನೇ ಥಂಬ್‌ನೇಲ್ ಮಾಡಬೇಡಿ, ಹೆಸರುಗಳ ಸಾಲು ಅಷ್ಟು ಚಿಕ್ಕದರಲ್ಲಿ ಓದಲಾಗದು. ಶೀರ್ಷಿಕೆಯಲ್ಲಿ ಚಿತ್ರದ ಹೆಸರಿನ ಜೊತೆ ‘ರಾತ್ರಿ ಪಾಳಿ’, ‘ನರ್ಸ್’ ಎಂಬ ಮಾತುಗಳು ಇರಲಿ, ಜನ ಹುಡುಕುವುದು ಅವನ್ನೇ. ಎಸ್‌ಆರ್‌ಟಿ ಕಡತಗಳನ್ನು ಭಾಷೆಗೊಂದರಂತೆ ಸೇರಿಸಿ. ಒಂದು ವಾರ ಬಿಟ್ಟು ವೀಕ್ಷಣೆಯ ರೇಖೆ ಎಲ್ಲಿ ಕುಸಿದಿದೆ ನೋಡಿ. ಮೊದಲ ಅರ್ಧ ನಿಮಿಷದಲ್ಲೇ ಕುಸಿದಿದ್ದರೆ ತಪ್ಪು ಚಿತ್ರದ್ದಲ್ಲ, ಥಂಬ್‌ನೇಲ್ ಕೊಟ್ಟ ಮಾತನ್ನು ಆರಂಭ ಉಳಿಸಿಕೊಂಡಿಲ್ಲ ಅಷ್ಟೇ; ಥಂಬ್‌ನೇಲ್ ಬದಲಿಸಿ.

ಮೊಬೈಲ್ ಕ್ಯಾಲೆಂಡರಿನಲ್ಲಿ ಮೂರು ದಿನಾಂಕಗಳಿಗೆ ಅಲಾರಂ ಇಡಿ: ಸಂಗೀತದ ಪರವಾನಗಿ ಮುಗಿಯುವುದಕ್ಕೆ 90 ದಿನ ಮೊದಲು, ವಿತರಣಾ ಒಪ್ಪಂದ ತಾನಾಗಿ ನವೀಕರಣವಾಗುವುದಕ್ಕೆ 60 ದಿನ ಮೊದಲು, ಮತ್ತು ಪ್ರತಿ ವರ್ಷ ಫೆಬ್ರವರಿ ಮೊದಲ ವಾರ, ಮೇ 12ಕ್ಕಾಗಿ ಕಾಲೇಜುಗಳಿಗೆ ಬರೆಯಲು.